ಅಮೆರಿಕದಲ್ಲಿ ವಲಸಿಗರ ಹಕ್ಕುಗಳ ಇಂಟರ್ನ್‌ಶಿಪ್: ಲಾ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಅಮೆರಿಕದ ಲಾ ಸ್ಕೂಲುಗಳಲ್ಲಿ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ವಲಸಿಗರ ಹಕ್ಕುಗಳ ಮೇಲೆ ಕೆಲಸ ಮಾಡುವ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ? ನಾನೇ ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದೀನಿ, ನನ್ನನ್ನು ತಗೊಳ್ತಾರಾ?" ತಗೊಳ್ತಾರೆ. ಆದರೆ ಬೇರೆ ಇಂಟರ್ನ್‌ಶಿಪ್‌ಗಳಿಗೆ ಹೊರಟ ಹಾಗೆ ಹೊರಟರೆ ಆಗುವುದಿಲ್ಲ. ಒಬ್ಬೊಬ್ಬರಿಗೂ ಉದ್ದುದ್ದ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಜೆಡಿ, ಅಂದರೆ ಅಲ್ಲಿನ ಮೂಲ ಕಾನೂನು ಪದವಿ ಓದುತ್ತಿರುವವರಿಗೂ, ಎಲ್‌ಎಲ್‌ಎಂ ಸ್ನಾತಕೋತ್ತರ ಪದವಿಗೆ ಬಂದವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಈ ಕ್ಷೇತ್ರಕ್ಕೆ ವಿದ್ಯಾರ್ಥಿಗಳು ಇಷ್ಟೊಂದು ಬೇಕಾಗುವುದು ಯಾಕೆ ಅಂತ ಮೊದಲು ತಿಳಿದುಕೊಳ್ಳಿ. ಅಮೆರಿಕದಲ್ಲಿ ಕ್ರಿಮಿನಲ್ ಕೇಸಿನ ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಗಡೀಪಾರು ಕೇಸಿನಲ್ಲಿ ಹಾಗಿಲ್ಲ. 1952ರ ವಲಸೆ ಕಾಯ್ದೆಯ 292ನೇ ಸೆಕ್ಷನ್ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರ್ಕಾರದ ಖರ್ಚಿನಲ್ಲಲ್ಲ. ಎದುರುಗಡೆ ಮಾತ್ರ ಸರ್ಕಾರಿ ವಕೀಲರು ಕೂತೇ ಇರುತ್ತಾರೆ. ಈ ಕಡೆ ಇಂಗ್ಲಿಷ್ ಬಾರದವರು, ಬಂಧನದಲ್ಲಿರುವವರು, ಎಷ್ಟೋ ಸಲ ಚಿಕ್ಕ ಮಕ್ಕಳು. ಈ ಅನ್ಯಾಯವನ್ನು ಒಂದಿಷ್ಟಾದರೂ ತುಂಬುತ್ತಿರುವುದು ಲಾಭರಹಿತ ಸಂಸ್ಥೆಗಳು, ವಿದ್ಯಾರ್ಥಿಗಳಿಂದ ನಿಜವಾದ ಕೇಸು ಮಾಡಿಸುವ ಲಾ ಸ್ಕೂಲಿನ ಕ್ಲಿನಿಕ್‌ಗಳು ಮತ್ತು ಅಲ್ಲಿ ದುಡಿಯುವ ವಿದ್ಯಾರ್ಥಿಗಳು. ಹಾಗಾಗಿ ನಿಮ್ಮ ಕೈಗೆ ಬರುವುದು ಅಭ್ಯಾಸಕ್ಕೆ ಅಂತ ಕೊಟ್ಟ ಕೆಲಸವಲ್ಲ, ನಿಜವಾದ ಫೈಲು.

ಹಂತ 1: ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಈ ಹಂತ ಬಿಟ್ಟು ಮುಂದೆ ಹೋಗಬಹುದು. ಎಫ್-1ನಲ್ಲಿರುವವರು ಮಾತ್ರ ಇಲ್ಲಿಂದಲೇ ಶುರು ಮಾಡಬೇಕು. ಇಂಟರ್ನ್‌ಶಿಪ್ ಸಿಕ್ಕ ಮೇಲೆ ವೀಸಾ ಬಗ್ಗೆ ಯೋಚಿಸುವುದೇ ಎಲ್ಲರೂ ಮಾಡುವ ದೊಡ್ಡ ತಪ್ಪು.

"ಸಂಬಳ ಇಲ್ಲವಲ್ಲ, ಅನುಮತಿ ಯಾಕೆ?" ಅಂತ ತುಂಬ ಜನ ಕೇಳುತ್ತಾರೆ. ಈ ಲೆಕ್ಕ ಅಪಾಯದ್ದು. ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಬಿಟ್ಟಿಯಾಗಿ ಮಾಡಿದರೂ ಅದನ್ನು ಉದ್ಯೋಗ ಅಂತಲೇ ಪರಿಗಣಿಸಬಹುದು. ಅನುಮತಿ ಇಲ್ಲದೆ ಕೆಲಸ ಮಾಡಿದರೆ ಎಫ್-1 ಸ್ಥಾನಮಾನಕ್ಕೇ ಕುತ್ತು. ಆದ್ದರಿಂದ ಸಂಬಳ ಇರಲಿ ಬಿಡಲಿ, ನಿಮ್ಮ ಸ್ಕೂಲಿನ ಡಿಎಸ್‌ಒ ಹತ್ತಿರ ಹೋಗಿ. ಡಿಎಸ್‌ಒ ಅಂದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ, ಅವರ ವಿದ್ಯಾರ್ಥಿ ಸ್ಥಾನಮಾನದ ಐ-20 ಪತ್ರಕ್ಕೆ ಸಹಿ ಹಾಕುವ ಅಧಿಕಾರಿ. ಅವರು ಹೇಳಿದ್ದನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಬಾಯಿಮಾತು ಸಾಲದು.

ಜೆಡಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಇರುವ ದಾರಿ ಸಿಪಿಟಿ. ಪಠ್ಯಕ್ರಮದ ಭಾಗವಾಗಿ ಮಾಡುವ ಕೆಲಸಕ್ಕೆ ಸ್ಕೂಲು ಕೊಡುವ ಅನುಮತಿ ಇದು. ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು, ಅಂದರೆ ಮೊದಲ ವರ್ಷ ಮುಗಿದ ಬೇಸಿಗೆಗೆ ನೀವು ಅರ್ಹರಾಗುತ್ತೀರಿ. ಕೆಲಸ ಶುರುವಾಗುವ ಮೊದಲೇ ಐ-20ಯಲ್ಲಿ ಅನುಮತಿ ನಮೂದಾಗಿರಬೇಕು. ಒಂದು ದಿನ ಮುಂಚೆ ಹೋಗಿ ಕೂತರೂ ತೊಂದರೆಯೇ. ಇನ್ನೊಂದು ವಿಷಯ ನೆನಪಿಡಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ತಲುಪಿದರೆ ಪದವಿ ನಂತರ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಒಪಿಟಿ, ಕೈತಪ್ಪುತ್ತದೆ. ಒಂದೆರಡು ಬೇಸಿಗೆಯಲ್ಲಿ ಅಷ್ಟು ಆಗುವುದಿಲ್ಲ, ಆದರೂ ಲೆಕ್ಕ ಇಟ್ಟಿರಿ.

ಎಲ್‌ಎಲ್‌ಎಂನವರ ಕಥೆ ಬೇರೆ. ಕೋರ್ಸೇ ಒಂದು ವರ್ಷದ್ದು, ಹಾಗಾಗಿ ಸಿಪಿಟಿ ಸಿಗುವುದು ಕಷ್ಟ. ನಿಮಗಿರುವುದು ಎರಡು ದಾರಿ. ಓದುವಾಗಲೇ ಸ್ಕೂಲಿನ ವಲಸೆ ಕ್ಲಿನಿಕ್ ಅನ್ನು ಒಂದು ಕೋರ್ಸಾಗಿ ತೆಗೆದುಕೊಳ್ಳುವುದು. ಇಲ್ಲವೇ ಓದು ಮುಗಿದ ಮೇಲೆ 12 ತಿಂಗಳ ಒಪಿಟಿಯಲ್ಲಿ ಸಂಸ್ಥೆ ಸೇರುವುದು. ಒಪಿಟಿ ಅರ್ಜಿಯನ್ನು ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ, ಮುಗಿದ ಮೇಲೆ 60 ದಿನದ ತನಕ ಹಾಕಬಹುದು. ಕೊನೇ ದಿನದವರೆಗೆ ಕಾಯಬೇಡಿ. ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ನಿಮ್ಮ ಓದಿಗೆ ಸಂಬಂಧಪಟ್ಟ, ವಾರಕ್ಕೆ ಕನಿಷ್ಠ 20 ಗಂಟೆಯ ಸ್ವಯಂಸೇವೆಯೂ ಕೆಲಸದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸಂಬಳವಿಲ್ಲದ ಸಂಸ್ಥೆಗೂ ಧೈರ್ಯವಾಗಿ ಸೇರಬಹುದು.

ಎಚ್ಚರ: 2025ರ ಜೂನ್‌ನಿಂದ ಎಫ್, ಎಂ, ಜೆ ಅನ್ನುವ ವಿದ್ಯಾರ್ಥಿ ಮತ್ತು ವಿನಿಮಯ ವೀಸಾಗಳಿಗೆ ಅರ್ಜಿ ಹಾಕುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು ಅಂತ ವಿದೇಶಾಂಗ ಇಲಾಖೆ ಹೇಳಿದೆ. ಮಧ್ಯೆ ಊರಿಗೆ ಹೋಗಿ ಹೊಸ ವೀಸಾ ಮುದ್ರೆ ಹಾಕಿಸಿಕೊಳ್ಳಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ. ಸಂಸ್ಥೆಯ ಪರವಾಗಿ ಭಾಷಣ, ಪತ್ರಿಕಾಗೋಷ್ಠಿ, ಪ್ರತಿಭಟನೆ ಇಂಥವುಗಳಿಗೆ ಒಪ್ಪುವ ಮೊದಲು ಒಬ್ಬ ವಲಸೆ ವಕೀಲರ ಹತ್ತಿರ ನಿಮ್ಮ ಸ್ವಂತ ಪರಿಸ್ಥಿತಿಯನ್ನು ಮಾತಾಡಿ. ಇದು ಹೇಡಿತನ ಅಲ್ಲ. ನೀವು ದೇಶದಲ್ಲಿ ಉಳಿದರೆ ತಾನೇ ಕಕ್ಷಿದಾರರ ಪಕ್ಕ ನಿಲ್ಲಲು ಆಗುವುದು?

ಹಂತ 2: ಎಂಥ ಕೆಲಸ ಬೇಕು ಅಂತ ತೀರ್ಮಾನಿಸಿ

"ವಲಸಿಗರ ಹಕ್ಕುಗಳು" ಅನ್ನುವ ಒಂದೇ ಹೆಸರಿನ ಕೆಳಗೆ ಬಹಳ ಬೇರೆ ಬೇರೆ ಕೆಲಸಗಳಿವೆ. ಗೊತ್ತಿಲ್ಲದೆ ಸೇರಿದರೆ ಬೇಸಿಗೆ ಪೂರ್ತಿ ಪರಿತಪಿಸಬೇಕಾಗುತ್ತದೆ.

ಮೊದಲನೆಯದು ನೇರ ಸೇವೆ. ಒಬ್ಬೊಬ್ಬ ವ್ಯಕ್ತಿಯ ಕೇಸು ನಡೆಸುವುದು: ಅಸೈಲಮ್ ಅಂದರೆ ಆಶ್ರಯದ ಅರ್ಜಿ, ಬಂಧನದಲ್ಲಿರುವವರ ಜಾಮೀನು, ಮಕ್ಕಳ ಕೇಸು. ಅರಿಜೋನಾದಲ್ಲಿ ಬಂಧಿತರಿಗೆ ಉಚಿತ ನೆರವು ಕೊಡುವ ಫ್ಲಾರೆನ್ಸ್ ಪ್ರಾಜೆಕ್ಟ್, ಟೆಕ್ಸಸ್‌ನ ರೈಸಸ್, ಶಿಕಾಗೋದ ನ್ಯಾಷನಲ್ ಇಮಿಗ್ರಂಟ್ ಜಸ್ಟಿಸ್ ಸೆಂಟರ್, ಒಂಟಿಯಾಗಿ ಬಂದ ಮಕ್ಕಳಿಗಾಗಿ ಇರುವ ಕಿಂಡ್, ಇವೆಲ್ಲ ಈ ಸಾಲಿನವು. ಎರಡನೆಯದು ಇಂಪ್ಯಾಕ್ಟ್ ಲಿಟಿಗೇಷನ್. ಒಂದು ಕೇಸಿನ ಮೂಲಕ ಸಾವಿರಾರು ಜನರಿಗೆ ಅನ್ವಯವಾಗುವ ನಿಯಮವನ್ನೇ ಪ್ರಶ್ನಿಸುವುದು. ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಎಸಿಎಲ್‌ಯು ಸಂಸ್ಥೆಯ ವಲಸಿಗರ ಹಕ್ಕುಗಳ ವಿಭಾಗ, ನ್ಯಾಷನಲ್ ಇಮಿಗ್ರೇಷನ್ ಲಾ ಸೆಂಟರ್, ಅಮೆರಿಕನ್ ಇಮಿಗ್ರೇಷನ್ ಕೌನ್ಸಿಲ್ ಇದಕ್ಕೆ ಹೆಸರುವಾಸಿ. ಇಲ್ಲಿ ಕಕ್ಷಿದಾರರ ಮುಖ ನೋಡುವುದು ಕಡಿಮೆ, ಲೈಬ್ರರಿ ಕೆಲಸ ಜಾಸ್ತಿ. ಮೂರನೆಯದು ನೀತಿ ರೂಪಿಸುವ ಕೆಲಸ: ವರದಿ, ಶಾಸಕರಿಗೆ ಟಿಪ್ಪಣಿ, ಹೊಸ ನಿಯಮಗಳಿಗೆ ಆಕ್ಷೇಪಣೆ ಬರೆಯುವುದು.

ನಾಲ್ಕನೆಯದರ ಬಗ್ಗೆ ನಮ್ಮವರಿಗೆ ಗೊತ್ತಿರುವುದು ಕಡಿಮೆ. ಪಬ್ಲಿಕ್ ಡಿಫೆಂಡರ್ ಅಂದರೆ ಬಡ ಆರೋಪಿಗಳ ಪರ ವಾದಿಸುವ ಕಚೇರಿಗಳಲ್ಲಿ ವಲಸೆ ವಿಭಾಗ ಇರುತ್ತದೆ. 2010ರಲ್ಲಿ ಪಡಿಲ್ಲಾ ವಿರುದ್ಧ ಕೆಂಟಕಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ತಪ್ಪೊಪ್ಪಿಗೆಯಿಂದ ಗಡೀಪಾರು ಆಗುವ ಅಪಾಯ ಇದ್ದರೆ ಕ್ರಿಮಿನಲ್ ವಕೀಲರು ಅದನ್ನು ಕಕ್ಷಿದಾರರಿಗೆ ತಿಳಿಸಲೇಬೇಕು. ಅಂದಿನಿಂದ ಈ ವಿಭಾಗಗಳಿಗೆ ಕೆಲಸ ಹೆಚ್ಚಾಯಿತು. ನ್ಯೂಯಾರ್ಕ್ ನಗರವಂತೂ 2013ರಲ್ಲಿ ಬಂಧಿತ ವಲಸಿಗರಿಗೆ ನಗರದ ಹಣದಿಂದಲೇ ವಕೀಲರನ್ನು ಕೊಡುವ ಯೋಜನೆ ಶುರು ಮಾಡಿತು. ಬ್ರಾಂಕ್ಸ್ ಡಿಫೆಂಡರ್ಸ್, ಬ್ರೂಕ್ಲಿನ್ ಡಿಫೆಂಡರ್ ಸರ್ವಿಸಸ್, ಲೀಗಲ್ ಏಡ್ ಸೊಸೈಟಿ ಅದರ ಭಾಗ. ಕಾನೂನಿನ ಕಗ್ಗಂಟು ಬಿಡಿಸುವುದು ಇಷ್ಟವಾದರೆ ಇಲ್ಲಿ ಕಲಿಯುವಷ್ಟು ಬೇರೆಲ್ಲೂ ಸಿಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಬೇಸಿಗೆ ನೇರ ಸೇವೆಗೇ ಹೋಗಿ. ದೊಡ್ಡ ಹೆಸರಿನ ಸಂಸ್ಥೆ ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಬಂಧನ ಕೇಂದ್ರದಲ್ಲಿ ಗಾಜಿನ ಆಚೆ ಕೂತವರ ಜೊತೆ ಒಮ್ಮೆಯೂ ಮಾತಾಡದೆ ಬಂಧನದ ಕಾನೂನಿನ ಬಗ್ಗೆ ಬ್ರೀಫ್, ಅಂದರೆ ಕೋರ್ಟಿಗೆ ಕೊಡುವ ಲಿಖಿತ ವಾದ ಬರೆದರೆ ಅದರಲ್ಲಿ ಏನೋ ಕೊರತೆ ಉಳಿಯುತ್ತದೆ.

ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ ಅಂತಲೂ ನೋಡಿ. ಲೀಗಲ್ ಸರ್ವಿಸಸ್ ಕಾರ್ಪೊರೇಷನ್ ಅನ್ನುವ ಫೆಡರಲ್ ನಿಧಿಯಿಂದ ಹಣ ಪಡೆಯುವ ಕಚೇರಿಗಳು 1996ರ ನಿರ್ಬಂಧಗಳ ಕಾರಣ ದಾಖಲೆಯಿಲ್ಲದ ಹೆಚ್ಚಿನ ವಲಸಿಗರ ಕೇಸು ತೆಗೆದುಕೊಳ್ಳುವಂತಿಲ್ಲ. ಹಿಂಸೆಗೆ ಒಳಗಾದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಸಾಮೂಹಿಕ ಮೊಕದ್ದಮೆಯನ್ನೂ ಅವರು ಹೂಡುವಂತಿಲ್ಲ. ಕಚೇರಿಯ ಹೆಸರಲ್ಲಿ "ಕಾನೂನು ನೆರವು" ಅಂತಿದೆ ಅಂದ ಮಾತ್ರಕ್ಕೆ ನೀವು ಅಂದುಕೊಂಡ ಕೆಲಸ ಅಲ್ಲಿ ಇರುತ್ತದೆ ಅಂತಲ್ಲ.

ಹಂತ 3: ಎಲ್ಲಿ ಹುಡುಕಬೇಕು, ಯಾವಾಗ

ಸಾರ್ವಜನಿಕ ಹಿತದ ಕಾನೂನು ಕೆಲಸಗಳ ದೊಡ್ಡ ಪಟ್ಟಿ ಪಿಎಸ್‌ಜೆಡಿ ತಾಣದಲ್ಲಿ ಸಿಗುತ್ತದೆ. ನಿಮ್ಮ ಸ್ಕೂಲಿನ ಕರಿಯರ್ ಆಫೀಸಿನಲ್ಲಿ ಕೇಳಿ ಖಾತೆ ತೆರೆಯಿರಿ. ಈಕ್ವಲ್ ಜಸ್ಟಿಸ್ ವರ್ಕ್ಸ್ ಸಂಸ್ಥೆ ಪ್ರತಿ ವರ್ಷ ಅಕ್ಟೋಬರ್ ಸುಮಾರಿಗೆ ಉದ್ಯೋಗ ಮೇಳ ನಡೆಸುತ್ತದೆ. ದೊಡ್ಡ ಸಂಸ್ಥೆಗಳು ಬೇಸಿಗೆಯ ಜಾಗಗಳಿಗೆ ಹಿಂದಿನ ವರ್ಷದ ಸೆಪ್ಟೆಂಬರ್‌ನಿಂದಲೇ ಅರ್ಜಿ ಕರೆಯುತ್ತವೆ. ಎರಡನೇ ವರ್ಷದವರು ಆಗಲೇ ಹಾಕಬೇಕು. ಮೊದಲ ವರ್ಷದವರು ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ. ಸಣ್ಣ ಸಂಸ್ಥೆಗಳಲ್ಲಿ ಮಾರ್ಚ್, ಏಪ್ರಿಲ್‌ನಲ್ಲೂ ಜಾಗ ಇರುತ್ತದೆ. ಅವರಿಗೆ ಜಾಹೀರಾತು ಹಾಕುವಷ್ಟು ಪುರುಸೊತ್ತೇ ಇರುವುದಿಲ್ಲ. ನೇರವಾಗಿ ಇಮೇಲ್ ಮಾಡಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಅದರಲ್ಲಿ ಸಂಕೋಚ ಏನೂ ಬೇಡ.

ವಲಸೆ ಕೋರ್ಟುಗಳು ನ್ಯಾಯ ಇಲಾಖೆಯ ಕೆಳಗೆ ಬರುತ್ತವೆ, ಅಲ್ಲೂ ವಿದ್ಯಾರ್ಥಿ ಇಂಟರ್ನ್‌ಗಳಿರುತ್ತಾರೆ. ಆದರೆ ಆ ಇಲಾಖೆ ಸಾಮಾನ್ಯವಾಗಿ ಅಮೆರಿಕದ ನಾಗರಿಕರನ್ನೇ ತೆಗೆದುಕೊಳ್ಳುತ್ತದೆ. ಎಫ್-1ನವರು ಅಲ್ಲಿ ಸಮಯ ಕಳೆಯಬೇಡಿ.

ಹಂತ 4: ಅರ್ಜಿ

ಕೇಳುವುದು ರೆಸ್ಯೂಮೆ, ಕವರ್ ಲೆಟರ್, ಅಂಕಪಟ್ಟಿ, ಪರಿಚಯದ ಇಬ್ಬರು ಮೂವರ ಹೆಸರು, ಮತ್ತು ಬರವಣಿಗೆಯ ಮಾದರಿ. ಮಾದರಿ ಅಂದರೆ ನೀವೇ ಬರೆದ ಐದರಿಂದ ಹತ್ತು ಪುಟದ ಕಾನೂನು ಬರಹ. ಮೊದಲ ವರ್ಷದ ಲೀಗಲ್ ರೈಟಿಂಗ್ ತರಗತಿಯ ಮೆಮೊ ಸಾಕು. ಹಿಂದಿನ ಕೆಲಸದ ಬರಹ ಕೊಡುವುದಾದರೆ ಅಲ್ಲಿಯ ಮೇಲ್ವಿಚಾರಕರ ಒಪ್ಪಿಗೆ ತೆಗೆದುಕೊಳ್ಳಿ, ಕಕ್ಷಿದಾರರ ಗುರುತು ಅಳಿಸಿ. ಅಳಿಸದೆ ಕಳಿಸಿದ ಒಂದು ಹೆಸರು ಸಾಕು, ನಿಮ್ಮ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ನಿಲ್ಲುವುದು ಸರಿಯೂ ಹೌದು.

ಕವರ್ ಲೆಟರ್‌ನಲ್ಲಿ ಹೆಚ್ಚಿನವರು ಎಡವುತ್ತಾರೆ. "ಚಿಕ್ಕಂದಿನಿಂದ ನ್ಯಾಯದ ಬಗ್ಗೆ ತುಡಿತ" ಅಂತ ಶುರು ಮಾಡಬೇಡಿ. ಆ ಸಂಸ್ಥೆ ಏನು ಮಾಡುತ್ತದೆ, ಅದರಲ್ಲಿ ನೀವು ಯಾವ ಕೆಲಸವನ್ನು ಮೊದಲ ವಾರದಿಂದಲೇ ಮಾಡಬಲ್ಲಿರಿ, ಇಷ್ಟು ಬರೆಯಿರಿ. ವೀಸಾದ ಕ್ಯೂ, ದಾಖಲೆಗಳ ಗೋಜಲು ನಿಮಗೆ ಅನುಭವದಿಂದ ಗೊತ್ತಿದೆ ಅಂತ ಒಂದು ವಾಕ್ಯ ಹೇಳಬಹುದು. ಆದರೆ ವಿದ್ಯಾರ್ಥಿ ವೀಸಾದ ಕಷ್ಟವನ್ನು ಜೀವ ಉಳಿಸಿಕೊಳ್ಳಲು ಓಡಿಬಂದವರ ಕಷ್ಟದ ಪಕ್ಕ ಇಡಬೇಡಿ. ಓದುವವರಿಗೆ ಅದು ಬಹಳ ಬೇಗ ಕಾಣುತ್ತದೆ.

ಭಾಷೆ ದೊಡ್ಡ ಬಲ. ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಸ್ಪ್ಯಾನಿಷ್. ಭಾರತದಿಂದ ಬಂದು ಆಶ್ರಯ ಕೇಳುವವರಲ್ಲಿ ಪಂಜಾಬಿ, ಗುಜರಾತಿ, ಹಿಂದಿ ಮಾತಾಡುವವರು ಜಾಸ್ತಿ. ನಮ್ಮಲ್ಲಿ ಅನೇಕರಿಗೆ ಹಿಂದಿ ಬರುತ್ತದೆ. ಆದರೆ ಎಷ್ಟು ಬರುತ್ತದೆ ಅಂತ ಪ್ರಾಮಾಣಿಕವಾಗಿ ಬರೆಯಿರಿ. ಸಿನಿಮಾ ನೋಡುವಷ್ಟು ಹಿಂದಿ ಬೇರೆ, ಪೊಲೀಸ್ ಠಾಣೆಯಲ್ಲಿ ಏನಾಯಿತು ಅಂತ ಒಬ್ಬರು ನಡುಗುವ ದನಿಯಲ್ಲಿ ಹೇಳುವುದನ್ನು ಹಿಡಿಯುವಷ್ಟು ಹಿಂದಿ ಬೇರೆ.

ಹಂತ 5: ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ

ಯಾವ ಸಂಸ್ಥೆ ಅನ್ನುವುದಕ್ಕಿಂತ ಯಾರ ಕೈಕೆಳಗೆ ಅನ್ನುವುದು ಮುಖ್ಯ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಮ್ಮ ಕರಡನ್ನು ಯಾರು ಓದುತ್ತಾರೆ? ವಾರಕ್ಕೆ ಎಷ್ಟು ಸಲ ಕೂತು ಮಾತಾಡುತ್ತಾರೆ? ಒಬ್ಬ ವಕೀಲರ ಕೆಳಗೆ ಎಷ್ಟು ಇಂಟರ್ನ್‌ಗಳು? ಕಕ್ಷಿದಾರರನ್ನು ಭೇಟಿಯಾಗುವಾಗ ವಕೀಲರು ಜೊತೆಗಿರುತ್ತಾರಾ? ಮನಸ್ಸಿಗೆ ಭಾರವಾಗುವ ಕೇಸು ಬಂದರೆ ಮಾತಾಡಲು ಯಾರಾದರೂ ಇದ್ದಾರಾ? ಇಷ್ಟಕ್ಕೂ "ನೋಡೋಣ, ಬಂದ ಮೇಲೆ ಗೊತ್ತಾಗುತ್ತೆ" ಅನ್ನುವ ಉತ್ತರ ಬಂದರೆ ಹುಷಾರು. ಸಂಸ್ಥೆಯವರು ಕೆಟ್ಟವರು ಅಂತಲ್ಲ, ಕೆಲಸದ ಹೊರೆಯಲ್ಲಿ ಮುಳುಗಿರುತ್ತಾರೆ. ಆದರೆ ಮೇಲ್ವಿಚಾರಣೆ ಇಲ್ಲದ ಇಂಟರ್ನ್ ಮಾಡುವ ತಪ್ಪಿಗೆ ಬೆಲೆ ತೆರುವವರು ಕಕ್ಷಿದಾರರು.

ಎಫ್-1 ವಿಷಯವನ್ನೂ ಇಲ್ಲೇ ಹೇಳಿಬಿಡಿ. ಕೆಲಸದ ಪ್ರಸ್ತಾಪ ಪತ್ರದಲ್ಲಿ ಶುರುವಾಗುವ ದಿನ, ಮುಗಿಯುವ ದಿನ, ವಾರದ ಗಂಟೆ, ಕೆಲಸದ ವಿವರ, ಮೇಲ್ವಿಚಾರಕರ ಹೆಸರು ಇರಲಿ ಅಂತ ಕೇಳಿ. ಡಿಎಸ್‌ಒ ಕೇಳುವುದು ಅದನ್ನೇ.

ಹಂತ 6: ದುಡ್ಡು

ಈ ಇಂಟರ್ನ್‌ಶಿಪ್‌ಗಳಲ್ಲಿ ಬಹುಪಾಲಿಗೆ ಸಂಬಳ ಇಲ್ಲ, ಅಥವಾ ಬಹಳ ಕಡಿಮೆ. ಬೇಸಿಗೆಯ ಹತ್ತು ವಾರ ಬಾಡಿಗೆ ಕಟ್ಟಬೇಕಲ್ಲ? ಲಾ ಸ್ಕೂಲುಗಳಲ್ಲಿ ಸಾರ್ವಜನಿಕ ಹಿತದ ಕೆಲಸಕ್ಕೆ ಬೇಸಿಗೆ ಅನುದಾನ ಇರುತ್ತದೆ. ಹಲವು ಕಡೆ ವಿದ್ಯಾರ್ಥಿಗಳೇ ನಡೆಸುವ ಪಿಐಎಲ್ಎಫ್ ಅನ್ನುವ ಸಂಘ ಹಣ ಸಂಗ್ರಹಿಸಿ ಹಂಚುತ್ತದೆ. ಅದರ ಷರತ್ತುಗಳನ್ನು ಸೆಪ್ಟೆಂಬರ್‌ನಲ್ಲೇ ಓದಿ. ಸಂಘಕ್ಕೆ ಇಷ್ಟು ಗಂಟೆ ಸ್ವಯಂಸೇವೆ ಮಾಡಿರಬೇಕು ಅಂತ ಕೆಲವು ಕಡೆ ನಿಯಮ ಇರುತ್ತದೆ, ವಸಂತಕಾಲದಲ್ಲಿ ಗೊತ್ತಾದರೆ ಆಗಲೇ ತಡ. ಓದುತ್ತಾ ದುಡಿಯುವವರಿಗೆ ಸರ್ಕಾರ ಕೊಡುವ ಫೆಡರಲ್ ವರ್ಕ್-ಸ್ಟಡಿ ಹಣ ಎಫ್-1ನವರಿಗೆ ಸಿಗುವುದಿಲ್ಲ. ಸ್ಕೂಲಿನ ಅನುದಾನ ಪಡೆಯುವುದರಿಂದ ನಿಮ್ಮ ಕೆಲಸ "ಸಂಬಳದ ಕೆಲಸ" ಅನ್ನಿಸಿಕೊಳ್ಳುತ್ತದಾ ಅಂತ ಡಿಎಸ್‌ಒ ಹತ್ತಿರ ಮೊದಲೇ ಕೇಳಿ. ಹಿಂದೆ ಇಂಟರ್ನ್‌ಶಿಪ್‌ಗೆ ಕೋರ್ಸಿನ ಕ್ರೆಡಿಟ್ ಮತ್ತು ಸಂಬಳ ಎರಡನ್ನೂ ಒಟ್ಟಿಗೆ ಪಡೆಯುವಂತಿರಲಿಲ್ಲ. 2016ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ಆ ನಿಷೇಧ ತೆಗೆದಿದೆ, ಆದರೆ ಒಪ್ಪುವುದು ಬಿಡುವುದು ಸ್ಕೂಲಿಗೆ ಬಿಟ್ಟಿದ್ದು.

ಹಂತ 7: ಕೆಲಸಕ್ಕೆ ಕೂತ ಮೇಲೆ

ಮೊದಲ ವಾರ ನಿಮಗೆ ಬಹುಶಃ ಇಂಟೇಕ್ ಕೊಡುತ್ತಾರೆ. ಅಂದರೆ ಹೊಸದಾಗಿ ಬಂದವರ ಜೊತೆ ಮೊದಲ ಮಾತುಕತೆ. ಎಲ್ಲಕ್ಕಿಂತ ಮುಂಚೆ ಕೇಳಬೇಕಾದ್ದು: ಅಮೆರಿಕಕ್ಕೆ ಬಂದಿದ್ದು ಯಾವತ್ತು? ಬಂದ ಒಂದು ವರ್ಷದೊಳಗೆ ಆಶ್ರಯದ ಅರ್ಜಿ, ಅಂದರೆ ಐ-589 ಫಾರ್ಮ್, ಸಲ್ಲಿಸಬೇಕು. ಇದಕ್ಕೆ ವಿನಾಯಿತಿಗಳಿವೆ, ಆದರೆ ಸುಲಭ ಅಲ್ಲ. ಹನ್ನೊಂದನೇ ತಿಂಗಳಲ್ಲಿ ಬಂದವರ ಫೈಲು ನಿಮ್ಮ ಮೇಜಿನ ಮೇಲೆ ಹದಿನೈದು ದಿನ ಕೂರಬಾರದು. ಎರಡನೆಯದು: ಕೋರ್ಟಿನಿಂದ ಏನಾದರೂ ಕಾಗದ ಬಂದಿದೆಯಾ? ವಿಚಾರಣೆಗೆ ಹೋಗದಿದ್ದರೆ ಅವರ ಗೈರಿನಲ್ಲೇ ಗಡೀಪಾರು ಆದೇಶ ಆಗಬಹುದು. ಅವರ ಎ-ನಂಬರ್ ಹಾಕಿ ವಲಸೆ ಕೋರ್ಟಿನ ತಾಣದಲ್ಲಿ ಮುಂದಿನ ದಿನಾಂಕ ನೋಡಬಹುದು. ಎ-ನಂಬರ್ ಅಂದರೆ ವಲಸೆ ಇಲಾಖೆಯಲ್ಲಿ ಫೈಲು ಇರುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ.

ಅವರು ಕೇಳಲು ಬಂದಿದ್ದನ್ನಷ್ಟೇ ಕೇಳಿಸಿಕೊಂಡು ಕಳಿಸಬೇಡಿ. ಅಪರಾಧಕ್ಕೆ ಬಲಿಯಾಗಿ ಪೊಲೀಸರಿಗೆ ನೆರವಾದವರಿಗೆ ಯು ವೀಸಾ ಇದೆ, ಮಾನವ ಸಾಗಣೆಗೆ ಸಿಕ್ಕವರಿಗೆ ಟಿ ವೀಸಾ. ತಂದೆ ಅಥವಾ ತಾಯಿ ಕೈಬಿಟ್ಟ ಮಕ್ಕಳಿಗೆ ಬೇರೆಯದೇ ಒಂದು ದಾರಿ ಇದೆ. ಹೊಡೆಯುವ ಗಂಡನ ಮೇಲೆ ವೀಸಾಕ್ಕಾಗಿ ಅವಲಂಬಿತಳಾದ ಹೆಣ್ಣುಮಗಳಿಗೆ ತಾನೇ ಅರ್ಜಿ ಹಾಕುವ ಅವಕಾಶವನ್ನು 1994ರ ಕಾಯ್ದೆ ಕೊಟ್ಟಿದೆ. ಗಂಡ ನಾಗರಿಕ ಅಥವಾ ಗ್ರೀನ್ ಕಾರ್ಡ್‌ದಾರ ಆಗಿರಬೇಕು. ಇವೆಲ್ಲ ಸರಿಯಾದ ಪ್ರಶ್ನೆ ಕೇಳಿದರೆ ಮಾತ್ರ ಹೊರಬರುತ್ತವೆ.

ಇನ್ನು ಡಿಕ್ಲರೇಷನ್. ಕಕ್ಷಿದಾರರು ತಮ್ಮ ಕಥೆಯನ್ನು "ನಾನು" ಅಂತ ಹೇಳುವ ಲಿಖಿತ ಹೇಳಿಕೆ ಇದು. ಆಶ್ರಯದ ಕೇಸಿಗೆ ಇದೇ ಬೆನ್ನೆಲುಬು. ಇಂಟರ್ನ್‌ಗಳು ಅತಿ ಹೆಚ್ಚು ಸಮಯ ಕೊಡುವುದೂ ಇದಕ್ಕೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

"ಅವತ್ತು ಅವರು ಬಂದು ಹೊಡೆದರು" ಅಂತ ಕಕ್ಷಿದಾರರು ಹೇಳುತ್ತಾರೆ. ಅಷ್ಟನ್ನೇ ಬರೆದರೆ ಕೇಸು ನಿಲ್ಲುವುದಿಲ್ಲ. ಎಷ್ಟು ಜನ ಬಂದರು? ಹಗಲೋ ರಾತ್ರಿಯೋ? ನೀವು ಎಲ್ಲಿ ನಿಂತಿದ್ದಿರಿ? ಅವರು ಯಾರ ಕಡೆಯವರು ಅಂತ ಹೇಗೆ ಗೊತ್ತಾಯಿತು? ಹೊಡೆಯುವಾಗ ಏನಂದರು? ಈ ಕೊನೆಯ ಪ್ರಶ್ನೆಯ ಮೇಲೆ ಎಷ್ಟೋ ಸಲ ಇಡೀ ಕೇಸು ನಿಂತಿರುತ್ತದೆ. ಯಾಕೆಂದರೆ ಹಿಂಸೆ ಆಗಿದೆ ಅಂದರೆ ಸಾಲದು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಅಥವಾ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ಈ ಐದರಲ್ಲಿ ಒಂದರ ಕಾರಣಕ್ಕೆ ಆಗಿದೆ ಅಂತ ತೋರಿಸಬೇಕು. ಆದರೆ ಉತ್ತರವನ್ನು ನೀವು ಬಾಯಿಗೆ ತುರುಕಬೇಡಿ. ಕಕ್ಷಿದಾರರು ಆಡದ ಮಾತು ಡಿಕ್ಲರೇಷನ್‌ನಲ್ಲಿ ಒಂದೂ ಇರಬಾರದು. ನಿಮ್ಮ ಒಳ್ಳೆಯ ಇಂಗ್ಲಿಷ್ ಕೂಡ ಇರಬಾರದು. ಮೂರನೇ ಕ್ಲಾಸಿನವರೆಗೆ ಓದಿದ ರೈತನ ಬಾಯಲ್ಲಿ ಲಾ ಸ್ಕೂಲಿನ ಪದ ಕಂಡರೆ ನ್ಯಾಯಾಧೀಶರಿಗೆ ಅನುಮಾನ ಬರುತ್ತದೆ.

ದಿನಾಂಕದ ಬಗ್ಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಭಾರತದ ಒಂದು ಆಸ್ಪತ್ರೆಯ ಚೀಟಿಯಲ್ಲಿ 04/07/2021 ಅಂತಿದೆ ಅಂದುಕೊಳ್ಳಿ. ನಮಗೆ ಅದು ಜುಲೈ 4. ಅಮೆರಿಕದಲ್ಲಿ ತಿಂಗಳು ಮೊದಲು ಬರೆಯುತ್ತಾರೆ, ಹಾಗಾಗಿ ಅವರಿಗೆ ಅದು ಏಪ್ರಿಲ್ 7. ಅದನ್ನು ಹಾಗೇ ಫಾರ್ಮಿಗೆ ಇಳಿಸಿದಿರಿ. ಪೊಲೀಸ್ ದೂರಿನಲ್ಲಿ ಜುಲೈ 5 ಅಂತ ಅಕ್ಷರದಲ್ಲಿದೆ. ಈಗ ಹೊಡೆತ ತಿಂದ ಮೂರು ತಿಂಗಳ ಮೇಲೆ ದೂರು ಕೊಟ್ಟ ಹಾಗೆ ಕಾಣುತ್ತದೆ. 2005ರ ರಿಯಲ್ ಐಡಿ ಕಾಯ್ದೆ ಬಂದ ಮೇಲೆ ಇಂಥ ಅಸಂಗತಿ ಕೇಸಿನ ಮುಖ್ಯ ವಿಷಯಕ್ಕೆ ಸಂಬಂಧಿಸಿರದಿದ್ದರೂ ನ್ಯಾಯಾಧೀಶರು ಅದರ ಮೇಲೆ "ಇವರ ಮಾತು ನಂಬಲಾಗದು" ಅಂತ ಹೇಳಬಹುದು. ಸುಳ್ಳು ಹೇಳದ ಮನುಷ್ಯ ಸುಳ್ಳುಗಾರ ಆಗಿಬಿಡುತ್ತಾನೆ. ಆದ್ದರಿಂದ ತಿಂಗಳನ್ನು ಯಾವಾಗಲೂ ಅಕ್ಷರದಲ್ಲಿ ಬರೆಯಿರಿ. ಕಕ್ಷಿದಾರರಿಗೆ ದಿನಾಂಕ ನೆನಪಿಲ್ಲದಿದ್ದರೆ "ಸುಮಾರು" ಅಂತಲೇ ಬರೆಯಿರಿ. ಹಬ್ಬದ ಮುಂಚೆಯೋ ಆಮೇಲೋ, ಕೊಯ್ಲು ಆಗಿತ್ತಾ, ಮಗುವಿಗೆ ಆಗ ಎಷ್ಟು ವಯಸ್ಸು ಅಂತ ಕೇಳಿದರೆ ನೆನಪು ತೆರೆದುಕೊಳ್ಳುತ್ತದೆ.

ಹೆಸರುಗಳಲ್ಲೂ ಹೀಗೇ. ಇನಿಶಿಯಲ್‌ನ ಪಾಡು ನಮಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ? ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ "ಎಫ್‌ಎನ್‌ಯು" ಅಂತ ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಪಾಸ್‌ಪೋರ್ಟ್‌ನಲ್ಲಿ ಒಂದು, ಶಾಲೆಯ ಪತ್ರದಲ್ಲಿ ಒಂದು, ಗಡಿಯಲ್ಲಿ ಅಧಿಕಾರಿ ಬರೆದುಕೊಂಡಿದ್ದು ಮತ್ತೊಂದು. ಎಲ್ಲವನ್ನೂ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಇವರೆಲ್ಲ ಒಬ್ಬರೇ ಅಂತ ಡಿಕ್ಲರೇಷನ್‌ನಲ್ಲಿ ವಿವರಿಸಿ.

ಇಂಗ್ಲಿಷ್ ಅಲ್ಲದ ಪ್ರತಿ ದಾಖಲೆಗೂ ಅನುವಾದ ಬೇಕು. ಜೊತೆಗೆ ಅನುವಾದಕರ ಪ್ರಮಾಣಪತ್ರ: ನನಗೆ ಎರಡೂ ಭಾಷೆ ಬರುತ್ತದೆ, ಈ ಅನುವಾದ ಪೂರ್ಣ ಮತ್ತು ಸರಿ ಅಂತ ಹೇಳಿ ಸಹಿ. ಇದನ್ನು ಮರೆತು ದಾಖಲೆ ವಾಪಸ್ ಬರುವುದು ಮಾಮೂಲು. ಮಾತುಕತೆಯಲ್ಲಿ ನೀವೇ ದುಭಾಷಿ ಆದರೆ ಟಿಪ್ಪಣಿ ಬರೆಯುವ ಕೆಲಸ ಇನ್ನೊಬ್ಬರಿಗೆ ಕೊಡಿ. ಎರಡನ್ನೂ ಒಬ್ಬರೇ ಮಾಡಿದರೆ ಎರಡೂ ಕೆಡುತ್ತವೆ.

ಹಳೆಯ ಫೈಲಿನಿಂದ ನಕಲು ಮಾಡುವಾಗಲೂ ಹುಷಾರಾಗಿರಿ. ನಿಯಮಗಳು ಈಗ ಬಹಳ ಬೇಗ ಬದಲಾಗುತ್ತಿವೆ. ಆಶ್ರಯದ ಅರ್ಜಿಗೆ ಮೊದಲು ಶುಲ್ಕವೇ ಇರಲಿಲ್ಲ. 2025ರ ಜುಲೈನಲ್ಲಿ ಬಂದ ಕಾಯ್ದೆ ಅದಕ್ಕೂ ಶುಲ್ಕ ಹಾಕಿತು, ಅರ್ಜಿ ಬಾಕಿ ಇರುವಷ್ಟು ಕಾಲ ವರ್ಷ ವರ್ಷವೂ ಕಟ್ಟಬೇಕು ಅಂತ ಮಾಡಿತು. ಫಾರ್ಮಿನ ಆವೃತ್ತಿ, ಶುಲ್ಕ, ಗಡುವು, ಈ ಮೂರನ್ನು ಸಲ್ಲಿಸುವ ದಿನವೇ ಸರ್ಕಾರಿ ತಾಣದಲ್ಲಿ ನೋಡಿ.

ಗುಟ್ಟು ಕಾಪಾಡುವ ವಿಷಯ ನಿಮಗೆ ತರಗತಿಯಲ್ಲೇ ಹೇಳಿರುತ್ತಾರೆ. ನಾನು ಸೇರಿಸುವುದು ಇಷ್ಟೇ. ನಮ್ಮ ಸಮುದಾಯ ಇಲ್ಲಿ ಚಿಕ್ಕದು, ಸುದ್ದಿ ಬೇಗ ಹರಡುತ್ತದೆ. ಹೆಸರು ಹೇಳದೆ "ಒಂದು ಕೇಸು ಬಂದಿತ್ತು" ಅಂತ ಶುರು ಮಾಡಿದರೂ ಊರು, ವಯಸ್ಸು ಕೇಳಿದ ಮೇಲೆ ಯಾರು ಅಂತ ಗೊತ್ತಾಗಿಬಿಡುತ್ತದೆ. ಕೇಸಿನ ವಿವರವನ್ನು ಸಾರ್ವಜನಿಕ ಎಐ ಉಪಕರಣಗಳಿಗೆ ಹಾಕಬೇಡಿ. ಮತ್ತೆ ಕನ್ನಡ ಕೂಟದ ಊಟದಲ್ಲಿ ಯಾರಾದರೂ ಹಿರಿಯರು "ಲಾ ಓದ್ತಿದ್ದೀಯಲ್ಲಮ್ಮ, ನಮ್ಮ ಹುಡುಗನ ವೀಸಾ ವಿಷಯ ಸ್ವಲ್ಪ ನೋಡು" ಅಂದರೆ, "ನನಗೆ ಇನ್ನೂ ಸಲಹೆ ಕೊಡುವ ಅಧಿಕಾರ ಇಲ್ಲ ಅಂಕಲ್, ಒಬ್ಬ ಲೈಸೆನ್ಸ್ ಇರುವ ವಕೀಲರನ್ನು ನೋಡಿ" ಅಂತ ಹೇಳಿ. ಲೈಸೆನ್ಸ್ ಇಲ್ಲದೆ ಕಾನೂನು ಸಲಹೆ ಕೊಡುವುದು ಕಾನೂನು ಬಾಹಿರ, ಮುಂದೆ ನಿಮ್ಮ ಬಾರ್ ಪ್ರವೇಶಕ್ಕೂ ಅಡ್ಡ ಬರುತ್ತದೆ.

ಹಂತ 8: ಕೋರ್ಟಿನಲ್ಲಿ ನಿಲ್ಲುವ ಅವಕಾಶ

ವಿದ್ಯಾರ್ಥಿ ವಲಸೆ ಕೋರ್ಟಿನಲ್ಲಿ ವಾದಿಸಬಹುದಾ? ಹೌದು. ಫೆಡರಲ್ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಅಮೆರಿಕದ ಲಾ ಸ್ಕೂಲಿನ ವಿದ್ಯಾರ್ಥಿ, ಸ್ಕೂಲಿನ ಅಥವಾ ಲಾಭರಹಿತ ಸಂಸ್ಥೆಯ ಕಾನೂನು ನೆರವು ಕಾರ್ಯಕ್ರಮದಲ್ಲಿದ್ದು, ವಕೀಲರ ನೇರ ಮೇಲ್ವಿಚಾರಣೆಯಲ್ಲಿ, ಕಕ್ಷಿದಾರರಿಂದ ಹಣ ಪಡೆಯದೆ, ನ್ಯಾಯಾಧೀಶರ ಅನುಮತಿ ಪಡೆದು ಹಾಜರಾಗಬಹುದು. ಕೋರ್ಟಿಗೆ ಇದಕ್ಕಾಗಿ ಇಒಐಆರ್-28 ಫಾರ್ಮ್ ಸಲ್ಲಿಸಬೇಕು.

ಇದು ಕಾಗದದ ಮೇಲಿನ ಅವಕಾಶ ಮಾತ್ರ ಅಲ್ಲ. ಜನನಾಂಗ ಛೇದನಕ್ಕೆ ಹೆದರಿ ಟೋಗೋದಿಂದ ಓಡಿಬಂದ ಯುವತಿಯ ಕೇಸನ್ನು 1995ರಲ್ಲಿ ವಲಸೆ ನ್ಯಾಯಾಧೀಶರ ಮುಂದೆ ವಾದಿಸಿದ್ದು ಲೈಲಿ ಮಿಲ್ಲರ್ ಬಶೀರ್ ಅನ್ನುವ ಲಾ ವಿದ್ಯಾರ್ಥಿನಿ. ಅಲ್ಲಿ ಸೋಲಾಯಿತು. ಆಕೆ ಸುಮ್ಮನೆ ಕೂರಲಿಲ್ಲ, ಅಮೆರಿಕನ್ ಯೂನಿವರ್ಸಿಟಿಯ ಕ್ಲಿನಿಕ್‌ನ ನೆರವು ತಂದರು. ವಕೀಲೆ ಕರೆನ್ ಮುಸಾಲೊ ಮೇಲ್ಮನವಿ ನಡೆಸಿದರು. 1996ರಲ್ಲಿ ವಲಸೆ ಮೇಲ್ಮನವಿ ಮಂಡಳಿ ಆ ಯುವತಿಯ ಹೆಸರಿನ ಕಾಸಿಂಗಾ ತೀರ್ಪಿನಲ್ಲಿ ಇಂಥ ಹಿಂಸೆಯೂ ಆಶ್ರಯಕ್ಕೆ ಕಾರಣ ಆಗಬಹುದು ಅಂತ ಒಪ್ಪಿತು.

ಬಂಧನ ಕೇಂದ್ರಕ್ಕೆ ಹೋಗುವಾಗ ಗುರುತಿನ ಪತ್ರ, ಸಂಸ್ಥೆಯ ಪತ್ರ, ಅಲ್ಲಿನ ಉಡುಪಿನ ನಿಯಮ ಮೊದಲೇ ನೋಡಿಕೊಳ್ಳಿ. ನಾಗರಿಕರಲ್ಲದವರು 18 ವರ್ಷ ದಾಟಿದ್ದರೆ ತಮ್ಮ ವಲಸೆ ನೋಂದಣಿಯ ದಾಖಲೆಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ಎಫ್-1ನವರು ಐ-94 ಅನ್ನುವ ದೇಶ ಪ್ರವೇಶದ ದಾಖಲೆ, ಐ-20, ಪಾಸ್‌ಪೋರ್ಟ್ ಇಲ್ಲದೆ ಗಡಿ ಕಡೆ ಪ್ರಯಾಣ ಮಾಡಲೇಬೇಡಿ. ದಾರಿಯಲ್ಲಿ ತಪಾಸಣಾ ಠಾಣೆಗಳಿರುತ್ತವೆ. ಹೋಗಲು ಮನಸ್ಸು ಒಪ್ಪದಿದ್ದರೆ ಮೇಲ್ವಿಚಾರಕರಿಗೆ ಹೇಳಿ, ಕಚೇರಿಯಲ್ಲೂ ಮಾಡಲು ಬೇಕಾದಷ್ಟು ಕೆಲಸ ಇರುತ್ತದೆ.

ದಿನವಿಡೀ ಹಿಂಸೆಯ ಕಥೆ ಕೇಳಿದರೆ ಅದು ನಿಮ್ಮ ನಿದ್ದೆಗೂ ಬರುತ್ತದೆ. ಇದು ದೌರ್ಬಲ್ಯ ಅಲ್ಲ, ಈ ಕೆಲಸದಲ್ಲಿರುವ ಎಲ್ಲರಿಗೂ ಆಗುವಂಥದ್ದು. ಎರಡು ಭಾರವಾದ ಭೇಟಿಗಳನ್ನು ಒಂದೇ ದಿನ ಇಟ್ಟುಕೊಳ್ಳಬೇಡಿ. ನಿದ್ದೆ ಕೆಟ್ಟರೆ ಎರಡನೇ ವಾರವೇ ಹೇಳಿ, ಎಂಟನೇ ವಾರದವರೆಗೆ ತಡೆದುಕೊಳ್ಳಬೇಡಿ.

ಹಂತ 9: ಬಿಟ್ಟು ಬರುವಾಗ

ಕೊನೆಯ ವಾರ ಹೊಸ ಕೆಲಸ ಹಿಡಿಯಬೇಡಿ. ಪ್ರತಿ ಫೈಲಿಗೂ ಒಂದು ಪುಟದ ಟಿಪ್ಪಣಿ ಬರೆಯಿರಿ: ಏನಾಗಿದೆ, ಏನು ಬಾಕಿ, ಮುಂದಿನ ಗಡುವು ಯಾವತ್ತು, ಯಾವ ದಾಖಲೆ ಯಾರ ಹತ್ತಿರ ಇದೆ. ನೀವು ಹೋಗುತ್ತಿದ್ದೀರಿ, ಇನ್ನು ಮುಂದೆ ಯಾರು ಸಿಗುತ್ತಾರೆ ಅಂತ ಕಕ್ಷಿದಾರರಿಗೆ ಮೊದಲೇ ತಿಳಿಸಿ. ತುಂಬ ಜನರಿಂದ ಕೈಬಿಡಿಸಿಕೊಂಡವರು ಅವರು, ಹೇಳದೆ ಹೋದರೆ ಬಹಳ ನೋವಾಗುತ್ತದೆ. ಸ್ವಂತ ಫೋನ್ ನಂಬರ್ ಮಾತ್ರ ಕೊಡಬೇಡಿ.

ಇದೇ ದಾರಿಯಲ್ಲಿ ಮುಂದುವರಿಯುವ ಮನಸ್ಸಿದ್ದರೆ ಎರಡನೇ ಬೇಸಿಗೆ ಮುಗಿಯುವ ಮೊದಲು ಮೇಲ್ವಿಚಾರಕರನ್ನು ಒಂದು ಮಾತು ಕೇಳಿ: "ಫೆಲೋಶಿಪ್‌ಗೆ ಅರ್ಜಿ ಹಾಕಿದರೆ ನಿಮ್ಮ ಸಂಸ್ಥೆ ನನ್ನನ್ನು ಸೇರಿಸಿಕೊಳ್ಳುತ್ತದಾ?" ಸ್ಕ್ಯಾಡನ್, ಈಕ್ವಲ್ ಜಸ್ಟಿಸ್ ವರ್ಕ್ಸ್ ಫೆಲೋಶಿಪ್‌ಗಳಿಗೆ ಮೂರನೇ ವರ್ಷದ ಶುರುವಿನಲ್ಲೇ ಅರ್ಜಿ ಹೋಗಬೇಕು, ಮತ್ತು ಸಂಸ್ಥೆ ಮೊದಲೇ ಒಪ್ಪಿರಬೇಕು. ವಲಸೆ ಕೆಲಸಕ್ಕೆಂದೇ ಇಮಿಗ್ರಂಟ್ ಜಸ್ಟಿಸ್ ಕೋರ್ ಇದೆ. ಎಫ್-1ನವರು ಪ್ರತಿಯೊಂದರಲ್ಲೂ ಕೆಲಸದ ಅನುಮತಿಯ ಷರತ್ತು ಓದಿ. ಎರಡು ವರ್ಷದ ಫೆಲೋಶಿಪ್‌ಗೆ ಒಂದು ವರ್ಷದ ಒಪಿಟಿ ಸಾಲುವುದಿಲ್ಲ. ಎರಡನೇ ವರ್ಷಕ್ಕೆ ಸಂಸ್ಥೆ ಎಚ್-1ಬಿಗೆ ಅರ್ಜಿ ಹಾಕಲು ಸಿದ್ಧವಿದೆಯಾ ಅಂತ ಎರಡನೇ ಬೇಸಿಗೆಯ ಆಗಸ್ಟ್‌ನಲ್ಲೇ ಕೇಳಿ ತಿಳಿದುಕೊಳ್ಳಿ.